ಸೇತುವೆ ಎತ್ತುವುದು ಮೋಟಾರಲ್ಲ

ಕೇಳುಗರಿಗೆ ನಮಸ್ಕಾರ. ಅಮೆರಿಕದ ಸೇಂಟ್ ಕ್ರೋಯ್ ನದಿಯ ಒಂದು ದಡದಲ್ಲಿ ಮಿನ್ನೆಸೋಟದ ಸ್ಟಿಲ್‌ವಾಟರ್, ಇನ್ನೊಂದು ದಡದಲ್ಲಿ ವಿಸ್ಕಾನ್ಸಿನ್‌ನ ಹೌಲ್ಟನ್. ನಡುವೆ 1931ರ ಹೆದ್ದಾರಿ ಸೇತುವೆ. ಅದರಲ್ಲಿ 140 ಅಡಿಯ ಒಂದು ಅಂಕಣ, ಅಂದರೆ ಎರಡು ಆಧಾರಗಳ ನಡುವಿನ ಸೇತುವೆಯ ಭಾಗ, ರಸ್ತೆ ಸಮೇತ ನೆಟ್ಟಗೆ ಮೇಲೇಳುತ್ತದೆ, ಕೆಳಗೆ ದೋಣಿಗಳು ಹಾಯುತ್ತವೆ.

ಅದನ್ನೆತ್ತಲು ಎಷ್ಟು ದೊಡ್ಡ ಮೋಟಾರ್ ಬೇಕು ಅಂತ ಎಲ್ಲರೂ ಕೇಳುತ್ತಾರೆ. ದಯವಿಟ್ಟು ಆ ಪ್ರಶ್ನೆ ಬಿಡಿ. ಎತ್ತುವುದು ಮೋಟಾರಲ್ಲ, ಎದುರುತೂಕ. ಬಾವಿಯ ರಾಟೆಗೆ ಒಂದೇ ಹಗ್ಗದಲ್ಲಿ ಎರಡು ಕೊಡ ಕಟ್ಟಿದ ಹಾಗೆ: ಅಂಕಣದ ಎರಡು ತುದಿಯಲ್ಲೂ ಗೋಪುರ, ಗೋಪುರದ ತಲೆಯಲ್ಲಿ ರಾಟೆ, ರಾಟೆಯ ಮೇಲೆ ಉಕ್ಕಿನ ಹಗ್ಗ, ಹಗ್ಗದ ಆಚೆ ತುದಿಗೆ ಕಾಂಕ್ರೀಟ್ ದಿಮ್ಮಿ. ಮೋಟಾರು ಗೆಲ್ಲಬೇಕಾದ್ದು ತಿಕ್ಕಾಟವನ್ನು, ಗಾಳಿಯನ್ನು, ಅಷ್ಟೇ.

ಇದನ್ನು ದೊಡ್ಡ ಮಟ್ಟದಲ್ಲಿ ಸಾಧಿಸಿ ತೋರಿಸಿದವರು ಸೇತುವೆ ಎಂಜಿನಿಯರ್ ಜೆ. ಎ. ಎಲ್. ವಾಡೆಲ್. 1892ರಲ್ಲಿ ಮಿನ್ನೆಸೋಟದ್ದೇ ಡುಲುತ್ ಬಂದರಿನ ಕಾಲುವೆಗೆ ಇಂಥ ಸೇತುವೆಯ ನಕ್ಷೆ ಕೊಟ್ಟರು. ಊರಿಗೆ ಒಪ್ಪಿಗೆಯಾಯಿತು, ಅಮೆರಿಕದ ಯುದ್ಧ ಇಲಾಖೆ ಬೇಡವೆಂದಿತು. ವಾಡೆಲ್ ಅದೇ ಯೋಚನೆಯನ್ನು ಶಿಕಾಗೋಗೆ ಒಯ್ದರು. 1894ರಲ್ಲಿ ಅಲ್ಲಿನ ಹಾಲ್‌ಸ್ಟೆಡ್ ಬೀದಿಯಲ್ಲಿ 130 ಅಡಿಯ ಅಂಕಣ ನೀರಿನಿಂದ 155 ಅಡಿ ಎತ್ತರಕ್ಕೆ ಎದ್ದಿತು! ಡುಲುತ್‌ನವರು ಮೊದಲು ತೂಗುತೊಟ್ಟಿಲಲ್ಲಿ ಜನರನ್ನು ದಾಟಿಸುವ ಸೇತುವೆ ಕಟ್ಟಿಕೊಂಡರು. ಕೊನೆಗೆ 1930ರ ಹೊತ್ತಿಗೆ ಅದನ್ನೇ ಎತ್ತುಸೇತುವೆಯಾಗಿ ಮಾರ್ಪಡಿಸಿದರು. ಬೇಡವೆಂದದ್ದೇ ಬೇಕಾಯಿತು. ಸ್ಟಿಲ್‌ವಾಟರಿನದು ವಾಡೆಲ್ ಮತ್ತು ಅವರ ಪಾಲುದಾರ ಎಂಜಿನಿಯರ್ ಹ್ಯಾರಿಂಗ್ಟನ್ ರೂಪಿಸಿದ ಮಾದರಿ.

ಸಮಯ ಸರಿಯುತ್ತಿದೆ, ಬೇಗ ಹೇಳುತ್ತೇನೆ. ಎತ್ತುವ ಮೊದಲು ಗಂಟೆ, ಕೆಂಪು ದೀಪ, ಗೇಟು. ಅಂಕಣದ ಮೇಲೆ ಒಬ್ಬರೂ ಉಳಿದಿಲ್ಲವೆಂದು ಕಣ್ಣಾರೆ ನೋಡಿಯೇ ಲಾಕು ಬಿಡಿಸಬೇಕು. ತುದಿ ಮುಟ್ಟುವಾಗ ವೇಗ ತಗ್ಗಿಸಬೇಕು. ನಾಲ್ಕು ಮೂಲೆಯೂ ಒಟ್ಟಿಗೇ ಏಳಬೇಕು. ಒಂದು ಹಿಂದುಳಿದರೆ ಅಂಕಣ ಓರೆಯಾಗಿ ಗೋಪುರದ ಹಳಿಯಲ್ಲಿ ಸಿಕ್ಕಿಬೀಳುತ್ತದೆ. ಅಂಕಣವನ್ನು ಎದುರುತೂಕಕ್ಕಿಂತ ತುಸು ಭಾರವಾಗಿಯೇ ಇಡುತ್ತಾರೆ, ಇಳಿದಾಗ ಗಟ್ಟಿಯಾಗಿ ಕೂರಲಿ ಅಂತ. ರಸ್ತೆಗೆ ಹೊಸ ಪದರ ಹಾಕಿ ದಿಮ್ಮಿಯ ತೂಕ ಸರಿಪಡಿಸದಿದ್ದರೆ ಹೆಚ್ಚಿದ ಭಾರವೆಲ್ಲ ಮೋಟಾರಿನ ಮೇಲೆ, ಬ್ರೇಕಿನ ಮೇಲೆ. ಮತ್ತೆ ಹೇಳುತ್ತೇನೆ, ಮೋಟಾರು ಇರುವುದು ಅದಕ್ಕಲ್ಲ.

2017ರ ಆಗಸ್ಟ್‌ನಲ್ಲಿ ಹೊಸ ಸೇತುವೆ ಬಂದು ವಾಹನಗಳು ಅತ್ತ ಹೋದವು. ದುರಸ್ತಿಯ ನಂತರ 2020ರಿಂದ ಇದು ನಡೆಯುವವರದು, ಸೈಕಲಿನವರದು. ದೋಣಿ ಬಂದಾಗ ಮಾತ್ರ ಅವರೂ ಗೇಟಿನ ಬಳಿ ನಿಲ್ಲಬೇಕು. ನಮಸ್ಕಾರ.