ಸಾನ್ ಜಿಮಿನ್ಯಾನೊ: ಗೋಪುರಗಳ ಊರಿನ ಚರ್ಚುಗಳು

ಕೇಳುಗರಿಗೆ ನಮಸ್ಕಾರ.

ಇಟಲಿಯ ಟಸ್ಕನಿಯಲ್ಲಿ, ಗುಡ್ಡದ ನೆತ್ತಿಯ ಮೇಲೆ ಸಾನ್ ಜಿಮಿನ್ಯಾನೊ ಎಂಬ ಪುಟ್ಟ ಊರಿದೆ. ದೂರದಿಂದಲೇ ಕಣ್ಣಿಗೆ ಬೀಳುವುದು ಅದರ ಕಲ್ಲಿನ ಗೋಪುರಗಳು. ಅವು ದೇವರಿಗೆ ಕಟ್ಟಿದವಲ್ಲ. ರೋಮಿಗೆ ಹೋಗುವ ಯಾತ್ರಿಕರ ದಾರಿ ಈ ಊರನ್ನು ಹಾದೇ ಹೋಗುತ್ತಿತ್ತು. ಕೇಸರಿ, ದ್ರಾಕ್ಷಾರಸ ಮಾರಿ ದುಡ್ಡು ಕಂಡ ಮನೆತನಗಳು ಜಿದ್ದಿಗೆ ಬಿದ್ದು 72 ಗೋಪುರ ಎಬ್ಬಿಸಿದವಂತೆ. ಇಂದು ಉಳಿದಿರುವುದು 14. ಆಡಳಿತದ ಗೋಪುರಕ್ಕಿಂತ ಎತ್ತರ ಯಾರೂ ಕಟ್ಟಕೂಡದೆಂದು 1255ರಲ್ಲಿ ಕಾನೂನೇ ಬಂತು. ಆಮೇಲೆ ಊರಾಡಳಿತವೇ 1311ರಲ್ಲಿ ಅದನ್ನೂ ಮೀರಿಸುವ 54 ಮೀಟರಿನ ಗೋಪುರ ಕಟ್ಟಿ ಮುಗಿಸಿತು, ಅದು ಬೇರೆ ಮಾತು.

1348ರ ಪ್ಲೇಗು ಊರನ್ನು ನುಂಗಿತು. ಕೆಲವೇ ವರ್ಷಗಳಲ್ಲಿ ಆಡಳಿತ ಟಸ್ಕನಿಯ ಪ್ರಬಲ ನಗರ ಫ್ಲಾರೆನ್ಸಿನ ಕೈಗೆ ಹೋಯಿತು. ಹಳೆಯದನ್ನು ಕೆಡವಿ ಹೊಸದು ಕಟ್ಟುವ ಸಿರಿತನ ಉಳಿಯಲಿಲ್ಲ. ಊರು ಹಾಗೇ ಉಳಿದದ್ದು ಅದರಿಂದಲೇ.

ಹೋದವರೆಲ್ಲ ಗೋಪುರ ನೋಡಿ ಬರುತ್ತಾರೆ. ನಾನಾದರೆ ಚರ್ಚಿನೊಳಕ್ಕೆ ಹೋಗಿ ಎನ್ನುತ್ತೇನೆ. 1148ರಲ್ಲಿ ಪೋಪ್ ಮೂರನೆಯ ಯುಜೀನಿಯಸ್ ಪ್ರತಿಷ್ಠಾಪಿಸಿದ ದೊಡ್ಡ ಚರ್ಚಿನ ಮುಂಗೋಡೆ ಉಗ್ರಾಣದ ಗೋಡೆಯಷ್ಟೇ ಬೋಳು. ಒಳಗೆ ಕಾಲಿಟ್ಟರೆ ಗೋಡೆತುಂಬ ಬೈಬಲ್ಲಿನ ಕಥೆ: ಎಡಕ್ಕೆ ಹಳೆಯ ಒಡಂಬಡಿಕೆ, ಅಂದರೆ ಏಸುವಿಗೂ ಮುಂಚಿನ ಕಥೆಗಳು; ಬಲಕ್ಕೆ ಏಸುವಿನ ಬದುಕು. ಓದುಬರಹ ಬಾರದವರೂ ಕಥೆ ತಿಳಿಯಬಹುದಿತ್ತು.

ಅದೇ ಚರ್ಚಿನೊಳಗಿನ ಪುಟ್ಟ ಪ್ರಾರ್ಥನಾಲಯ, ಜನ ಸಂತಳೆಂದು ನೆನೆಯುವ ಊರ ಹುಡುಗಿ ಫೀನಾಳದು. ಕಾಯಿಲೆ ಬಿದ್ದ ಆಕೆ ಹಾಸಿಗೆ ಬೇಡವೆಂದು ಮರದ ಹಲಗೆಯ ಮೇಲೆ ಐದು ವರ್ಷ ಮಲಗಿದ್ದು 1253ರ ಮಾರ್ಚ್ 12ರಂದು ತೀರಿಕೊಂಡಳು. ಆಗ ಊರ ಗಂಟೆಗಳು ತಾವಾಗಿ ಬಾರಿಸಿದವೆಂದು ಜನ ಹೇಳುತ್ತಾರೆ. ಚಿತ್ರಕಾರ ಗಿರ್ಲಾಂದಾಯೊ ಬರೆದ ಅವಳ ಅಂತ್ಯಕ್ರಿಯೆಯ ಚಿತ್ರದಲ್ಲಿ ಗಂಟೆ ಬಾರಿಸುವವನು ಹಾರುತ್ತಿರುವ ದೇವದೂತ. ಹಿನ್ನೆಲೆಯಲ್ಲಿ ಇದೇ ಊರ ಗೋಪುರಗಳು.

ಊರಿನ ಇನ್ನೊಂದು ತುದಿಯಲ್ಲಿ ಹಳೆಯ ಕಾಲದ ಕ್ರೈಸ್ತ ಚಿಂತಕ ಸಂತ ಅಗಸ್ಟೀನನ ಚರ್ಚು. ಚಿತ್ರಕಾರ ಬೆನೊತ್ಸೊ ಗೊತ್ಸೊಲಿ ಅಲ್ಲಿ ಸಂತನ ಜೀವನವನ್ನು 17 ದೃಶ್ಯಗಳಲ್ಲಿ ಬರೆದ. ಮೊದಲನೆಯದರಲ್ಲಿ ಬಾಲಕ ಅಗಸ್ಟೀನ ಶಾಲೆಗೆ ಸೇರುತ್ತಿದ್ದಾನೆ; ಪಕ್ಕದಲ್ಲೇ ಮೇಷ್ಟ್ರು ಒಬ್ಬ ಹುಡುಗನ ಅಂಗಿ ಎತ್ತಿ ಬಾರಿಸುತ್ತಿದ್ದಾರೆ!

1464ರಲ್ಲಿ ಪ್ಲೇಗು ಮತ್ತೆ ಬಂದಾಗ ಗೊತ್ಸೊಲಿಯೇ ಇದೇ ಚರ್ಚಿನಲ್ಲಿ ಸಂತ ಸೆಬಾಸ್ಟಿಯನ್ನನನ್ನು ಬರೆದ. ಬಾಣಗಳಿಂದ ಹಿಂಸೆಪಟ್ಟ ಈ ಸಂತನಿಗೆ ಪ್ಲೇಗಿನಿಂದ ಕಾಪಾಡೆಂದು ಜನ ಮೊರೆಯಿಡುತ್ತಿದ್ದರು. ಮೇಲಿಂದ ರೋಗದ ಬಾಣಗಳ ಮಳೆ. ಸಂತನ ಹೊದಿಕೆಯ ಕೆಳಗೆ ಊರ ಜನ ಗುಂಪಾಗಿ ನಿಂತಿದ್ದಾರೆ. ಹೊದಿಕೆಗೆ ತಾಗಿದ ಬಾಣಗಳು ಮುರಿದು ಬೀಳುತ್ತವೆ. ಮರುವರ್ಷ ದೊಡ್ಡ ಚರ್ಚಿನಲ್ಲೂ ಅವನು ಸೆಬಾಸ್ಟಿಯನ್ನನನ್ನು ಬರೆದ. ಅಲ್ಲಿ ಸಂತನ ಬರಿಮೈ ತುಂಬ ಬಾಣ, ಊರವರ ಸುಳಿವಿಲ್ಲ. ನನ್ನನ್ನು ಕೇಳಿದರೆ ಮೊದಲಿನ ಚಿತ್ರವೇ ವಾಸಿ. ಪ್ಲೇಗಿನ ಊರಿಗೆ ಬೇಕಾಗಿದ್ದದ್ದು ಆ ಹೊದಿಕೆ.