ಶಾಬಾದಿ ಕಲ್ಲಿಗೆ ಕೌದಿ ಹೊದಿಸಿದರೆ

ಕೇಳುಗರೆಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ಮಾಳಿಗೆಗೆ ನೀರು ಹೊಡೆದು ಮಲಗುವ ಕಲಬುರಗಿಯವನು ನಾನು. ಅಂಥವನು ಬ್ಯಾಟರಿಯನ್ನು ಬೆಚ್ಚಗಿಡುವುದು ಹೇಗೆ ಅಂತ ಹೇಳೋಕೆ ಕೂತರೆ ನಿಮಗೆ ನಗು ಬರಬಹುದು. ನಗರಿ, ಅಡ್ಡಿಯಿಲ್ಲ. ಆದರೆ ನಮ್ಮ ಹುಡುಗರು ಈಗ ವ್ಯಾನಿನೊಳಗೇ ಹಾಸಿಗೆ, ಒಲೆ, ಫ್ರಿಜ್ಜು ಕೂಡಿಸಿಕೊಂಡು ಸ್ಪಿತಿ, ಲಡಾಖ್ ಅಂತ ಹೊರಡುತ್ತಾರೆ. ಅಂಥ ಗಾಡಿಗಳ ವೈರಿಂಗ್ ಮಾಡುವುದು ನನ್ನ ಕಸುಬು.

ಒಂದು ನವೆಂಬರಿನಲ್ಲಿ ಅಕ್ಕನ ಮಗ ಕಾಜಾದಿಂದ ಫೋನ್ ಮಾಡಿದ. ಕಾಜಾ ಸ್ಪಿತಿ ಕಣಿವೆಯ ಊರು, 3,600 ಮೀಟರಿಗೂ ಎತ್ತರ. ಇಲ್ಲಿಂದ ಎರಡು ಸಾವಿರ ಕಿಲೋಮೀಟರ್ ದಾಟಿ ಹೋಗಬೇಕು. "ಮಾಮಾ, ಬಿಸಲು ಚಂದ ಬಿದ್ದದ, ಆದ್ರ ಸೋಲಾರ್‌ನಿಂದ ಬ್ಯಾಟರಿಗೆ ಒಂದು ಆಂಪೇರ್ ಸುದ್ದಾ ಹೋಗವಲ್ದು. ಸತ್ತದ ಏನ್ರಿ ಇದು?" ಅಂದ. ಫೋನಿನ ಆಪ್‌ನಲ್ಲಿ ಬ್ಯಾಟರಿಯ ಉಷ್ಣತೆ ಎಷ್ಟು ತೋರಸ್ತದ ನೋಡು ಅಂದೆ. ಸೊನ್ನೆಗಿಂತ 3 ಡಿಗ್ರಿ ಕೆಳಗಿತ್ತು. ಹೊರಗೆ ಗಾಳಿ ಆಗಲೇ 6 ಡಿಗ್ರಿಗೆ ಏರಿತ್ತು. ಹನ್ನೆರಡು ಕೆಜಿಯ ಆ ಬ್ಯಾಟರಿ ಮಾತ್ರ ರಾತ್ರಿಯ ಥಂಡಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಕೂತಿತ್ತು. ಅದು ಸತ್ತಿರಲಿಲ್ಲ. ಬ್ಯಾಟರಿಗೆ ಕೆಡುಕಾಗದಂತೆ ಕಾಯಲು ಒಳಗೇ ಇರುವ ಎಲೆಕ್ಟ್ರಾನಿಕ್ ಸರ್ಕೀಟು, ಬಿಎಂಎಸ್ ಎಂಬ ಕಾವಲುಗಾರ, ಬಾಗಿಲು ಹಾಕಿದ್ದ, ಅಷ್ಟೇ.

ಯಾಕೆ ಹಾಕಿದ ಅನ್ನುವುದನ್ನು ನಮ್ಮ ಗಂಜಿನ ಲೆಕ್ಕದಲ್ಲೇ ಹೇಳುತ್ತೇನೆ. ತೊಗರಿ ಸುಗ್ಗಿ, ಲಾರಿಗಳು ಸಾಲುಗಟ್ಟಿವೆ. ಹಮಾಲರು ಚೀಲ ಹೊತ್ತು ಗೋದಾಮಿನ ಒಳಗೆ ಒಟ್ಟುತ್ತಿದ್ದಾರೆ. ಥಂಡಿಗೆ ಅವರ ಕೈಕಾಲು ಸೆಟೆದು ಕೆಲಸ ನಿಧಾನವಾಯಿತು ಅನ್ನಿ, ಲಾರಿಯವನು ಮಾತ್ರ ಚೀಲ ಇಳಿಸುತ್ತಲೇ ಇದ್ದಾನೆ. ಆಗೇನಾಗುತ್ತದೆ? ಚೀಲ ಬಾಗಿಲಲ್ಲೇ ಬಿದ್ದು ರಾಶಿಯಾಗುತ್ತವೆ. ಬ್ಯಾಟರಿಯಲ್ಲೂ ಹಾಗೇ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳೆಂಬ ವಿದ್ಯುತ್ ಹೊತ್ತ ಕಣಗಳು ಅದರೊಳಗಿನ ಗ್ರಾಫೈಟ್ ಎಂಬ ಇಂಗಾಲದ ಪದರಗಳ ನಡುವೆ ಹೊಕ್ಕು ಕೂಡಬೇಕು. ಸೊನ್ನೆಗಿಂತ ಕೆಳಗೆ ಆ ಹೊಗುವ ಕೆಲಸ ಬಹಳ ನಿಧಾನ. ನಾವು ಕರೆಂಟು ನೂಕಿದರೆ ಅವು ಮೇಲ್ಮೈಯಲ್ಲೇ ಲೋಹವಾಗಿ ಅಂಟಿಕೊಳ್ಳುತ್ತವೆ. ಹಾಗೆ ಅಂಟಿದ ಲಿಥಿಯಂನಲ್ಲಿ ಒಂದು ಪಾಲು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಮುಳ್ಳಿನಂತೆ ಬೆಳೆದರೆ ಒಳಗೇ ಶಾರ್ಟ್ ಆಗುವ ಭಯ ಬೇರೆ. ಗೋದಾಮಿನಿಂದ ಚೀಲ ಹೊರಗೆ ತೆಗೆಯುವಾಗ ಈ ತೊಡಕಿಲ್ಲ. ಅದಕ್ಕೇ ಬಹಳಷ್ಟು ಬ್ಯಾಟರಿಗಳು ಮೈನಸ್ 20ರವರೆಗೂ ಕರೆಂಟು ಕೊಡುತ್ತವೆ, ತೆಗೆದುಕೊಳ್ಳುವ ಮಾತು ಬಂದಾಗ ಸೊನ್ನೆಗೇ ನಿಲ್ಲುತ್ತವೆ.

ಇಲ್ಲಿ ನಾನು ಹೇಳುತ್ತಿರುವುದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳ ಮಾತು. ಅಮೆರಿಕದ ಟೆಕ್ಸಾಸ್‌ನಲ್ಲಿ ವಿಜ್ಞಾನಿ ಜಾನ್ ಗುಡ್‌ಇನಫ್ ಅವರ ತಂಡ ಈ ವಸ್ತುವಿನ ಬಗ್ಗೆ 1997ರಲ್ಲಿ ಪ್ರಬಂಧ ಪ್ರಕಟಿಸಿತು. ಅದರ ಲೇಖಕರಲ್ಲಿ ಪಾಢಿ, ನಂಜುಂಡಸ್ವಾಮಿ ಅನ್ನುವ ಹೆಸರುಗಳಿವೆ. ಎರಡನೆಯ ಹೆಸರು ಓದಿದಾಗ ನನಗೆ ಸುಮ್ಮನೆ ಖುಷಿಯಾಯಿತು.

ಕಾವಲುಗಾರ ಇಲ್ಲದ ಅಗ್ಗದ ಬ್ಯಾಟರಿಯನ್ನೂ ನಾನು ಕೂಡಿಸಿದ್ದೆ, ತಪ್ಪು ನನ್ನದೇ. ಥಂಡಿಯ ಚಾರ್ಜಿಂಗ್ ನಿಲ್ಲಿಸುವ ಸೌಕರ್ಯ ಅದರಲ್ಲಿ ಇದೆಯೇ ಅಂತ ಕೇಳಲಿಲ್ಲ. ಒಂದು ಚಳಿಗಾಲ ಬೆಟ್ಟದಲ್ಲಿ ತಿರುಗಿ ಬಂದ ಮೇಲೆ, ಇಡೀ ರಾತ್ರಿ ನಡೆಯುತ್ತಿದ್ದ ಫ್ರಿಜ್ಜು ನಡುರಾತ್ರಿಗೇ ಬಂದ್ ಆಗತೊಡಗಿತು.

ಇನ್ನು ಬೆಚ್ಚಗಿಡುವ ಮಾತು. ಎಲ್ಲರೂ ಮೊದಲು ಥರ್ಮಾಕೋಲ್ ಸುತ್ತುತ್ತಾರೆ. ಅವ್ವ ಹೊಲಿದ ಕೌದಿ ನಮ್ಮನ್ನು ಬೆಚ್ಚಗಿಡುವುದು ನಮ್ಮ ಮೈಯಲ್ಲಿ ಕಾವು ಇರುವುದರಿಂದ. ಅದೇ ಕೌದಿಯನ್ನು ಶಾಬಾದಿ ಕಲ್ಲಿಗೆ ಹೊದಿಸಿದರೆ ಕಲ್ಲು ಬೆಚ್ಚಗಾದೀತೇ? ಸುಮ್ಮನೆ ಕೂತ ಬ್ಯಾಟರಿಯೂ ಕಲ್ಲೇ. ಆರುವುದು ತಡವಾಗುತ್ತದೆ, ಅಷ್ಟೇ. ಒಮ್ಮೆ ತಣ್ಣಗಾದರೆ ಅದೇ ಥರ್ಮಾಕೋಲ್ ಬಿಸಿಲಿನ ಕಾವನ್ನೂ ಒಳಗೆ ಬಿಡುವುದಿಲ್ಲ. ಹಾಗಾಗಿ ಕಾವು ಕೊಡಲೇಬೇಕು.

ಎಷ್ಟು ಬೇಕು? ನೀವು ಅಂದುಕೊಂಡಷ್ಟಿಲ್ಲ. 100 ಆಂಪೇರ್-ಅವರ್ ಬ್ಯಾಟರಿಯನ್ನು ಮೈನಸ್ 10ರಿಂದ 5 ಡಿಗ್ರಿಗೆ ತರಲು ಸುಮಾರು 50 ವ್ಯಾಟ್-ಅವರ್ ಸಾಕು. ಸೋರಿಕೆ ಸೇರಿಸಿ 100 ಅನ್ನಿ. ಅದರ ಹೊಟ್ಟೆಯಲ್ಲಿರುವುದು 1,280. ಕೋಳಿಮರಿಗಳಿಗೆ ಡಬ್ಬಿಯಲ್ಲಿ ಬಲ್ಬು ಹಚ್ಚಿಡುತ್ತೇವಲ್ಲ, ಅಷ್ಟೇ ಕಾವು. ಒಂದು 50 ವ್ಯಾಟಿನ ಹೀಟರ್ ಪ್ಯಾಡು, ಅದರ ಮೇಲೆ ಅಲ್ಯುಮಿನಿಯಂ ತಗಡು, ತಗಡಿನ ಮೇಲೆ ಬ್ಯಾಟರಿ, ಸುತ್ತ ಥರ್ಮಾಕೋಲ್. ಥರ್ಮೋಸ್ಟಾಟು 5ಕ್ಕೆ ಚಾಲೂ ಆಗಿ 10ಕ್ಕೆ ಬಂದ್ ಆಗಬೇಕು. ಅದರ ಸೆನ್ಸಾರನ್ನು ಬ್ಯಾಟರಿಯ ಪಕ್ಕೆಗೆ ಅಂಟಿಸಿ. ಪ್ಯಾಡಿಗೆ ಅಂಟಿಸಿದರೆ ಪ್ಯಾಡು ಕಾದ ಕೂಡಲೇ ಹೀಟರ್ ಬಂದ್ ಆಗುತ್ತದೆ, ಬ್ಯಾಟರಿ ತಣ್ಣಗೇ ಉಳಿಯುತ್ತದೆ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ.

ಹೀಟರಿಗೆ ಕರೆಂಟು ಆ ಬ್ಯಾಟರಿಯಿಂದಲೇ ತೆಗೆಯಬಹುದು, ಕೊಡಲು ಅದಕ್ಕೆ ತಕರಾರಿಲ್ಲ. ಈಗ ಹೀಟರ್ ಒಳಗೇ ಇರುವ ಬ್ಯಾಟರಿಗಳೂ ಬಂದಿವೆ. ಚಾರ್ಜರಿನಿಂದ ಬಂದ ಕರೆಂಟನ್ನು ಮೊದಲು ತಮ್ಮ ಕಾವಿಗೆ ಬಳಸಿ, 5 ಡಿಗ್ರಿ ಮುಟ್ಟಿದ ಮೇಲೆ ಚಾರ್ಜ್ ತಗೋತಾವ. ದುಡ್ಡಿದ್ದರೆ ಅವೇ ಚಲೋ.

ದುಡ್ಡು ಬೇಡದ ಉಪಾಯವೂ ಇದೆ. ಬ್ಯಾಟರಿಯನ್ನು ಗಾಡಿಯ ಹೊಟ್ಟೆಯಡಿ ನೇತುಹಾಕದೆ, ನೀವು ಮಲಗುವ ಹಲಗೆಯ ಕೆಳಗೆ ಇಡಿ. ಸಂಜೆ ಗಾಡಿ ನಿಲ್ಲಿಸುವ ಮೊದಲೇ ಎಂಜಿನ್ನಿನಿಂದ ಚಾರ್ಜ್ ಮುಗಿಸಿ. ಹಗಲೆಲ್ಲ ಒಳಗಿದ್ದ ಬ್ಯಾಟರಿ ಆಗ ಬೆಚ್ಚಗಿರುತ್ತದೆ. ಮುಂಜಾನೆ ಏಳರ ಬಿಸಿಲನ್ನು ನಂಬಿ ಕೂಡಬೇಡಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬ್ಯಾಟರಿಗಾಗಲಿ ನಿಮಗಾಗಲಿ ಬೆಚ್ಚಗಿರಲಿ ಅಂತ ಮುಚ್ಚಿದ ಗಾಡಿಯೊಳಗೆ ಇದ್ದಲಿ ಅಗ್ಗಿಷ್ಟಿಗೆ ಇಡಬೇಡಿ. ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

ಅಕ್ಕನ ಮಗ ಅವತ್ತು ಬ್ಯಾಟರಿಯನ್ನು ಹಾಸಿಗೆಯ ಬಳಿ ಎತ್ತಿಟ್ಟುಕೊಂಡ. ಮಧ್ಯಾಹ್ನದ ಹೊತ್ತಿಗೆ ಚಾರ್ಜ್ ಶುರುವಾಯಿತು. ವಾಪಸ್ ಬರುವಾಗ ಸೊಲ್ಲಾಪುರದಿಂದ ಮತ್ತೆ ಫೋನು: "ಮಾಮಾ, ಥರ್ಮಾಕೋಲ್ ಬಿಚ್ಚಲೇನ್ರಿ?" ಬಿಚ್ಚಪ್ಪಾ ಅಂದೆ. ಚಾರ್ಜಿಂಗಿಗೆ 45 ಡಿಗ್ರಿ, ಕೆಲವಕ್ಕೆ 55, ಅಂತ ಮೇಲಿನ ಗೆರೆಯೂ ಇದೆ. ನಮ್ಮ ಊರಿನ ಬೇಸಿಗೆಯಲ್ಲಿ ಬಾಗಿಲು ಹಾಕಿದ ವ್ಯಾನು ಆ ಗೆರೆಯನ್ನು ಹನ್ನೊಂದು ಗಂಟೆಗೇ ದಾಟಿರುತ್ತದೆ.

ನಮಸ್ಕಾರ.