ಕೊರಿಯಾ: ಒಂದಾಗುವುದು ಆಮೇಲೆ, ಮೊದಲು ಕಾಗದ ಹೋಗಿಬರಲಿ

ಕೇಳುಗರಿಗೆಲ್ಲ ನಮಸ್ಕಾರ.

1983ರ ಜೂನ್ 30ರ ರಾತ್ರಿ ದಕ್ಷಿಣ ಕೊರಿಯಾದ ಕೆಬಿಎಸ್ ಟಿವಿಯಲ್ಲಿ ಒಂದು ಕಾರ್ಯಕ್ರಮ ಶುರುವಾಯಿತು. ಉತ್ತರ, ದಕ್ಷಿಣ ಕೊರಿಯಾಗಳ ನಡುವೆ 1950ರಿಂದ 53ರವರೆಗೆ ನಡೆದ ಯುದ್ಧದಲ್ಲಿ ಚದುರಿಹೋದ ಮನೆಮಂದಿಯನ್ನು ಹುಡುಕಿಕೊಡುವ ಕಾರ್ಯಕ್ರಮ. ಒಂದೂವರೆ ಗಂಟೆಯಲ್ಲಿ ಮುಗಿಸೋಣ ಅಂದುಕೊಂಡಿದ್ದರು. ಮುಗಿದದ್ದು ನವೆಂಬರ್‌ನಲ್ಲಿ! ಒಟ್ಟು 453 ಗಂಟೆ ಪ್ರಸಾರ. ಸಿಯೋಲ್‌ನ ಕೆಬಿಎಸ್ ಕಟ್ಟಡದ ಗೋಡೆ ತುಂಬ ಜನ ಕೈಯಲ್ಲಿ ಬರೆದ ಕಾಗದ ಅಂಟಿಸಿದರು. ಹೆಸರು, ಹುಟ್ಟಿದೂರು, ಕೈತಪ್ಪಿ ಹೋದ ಜಾಗ, ಮೈಮೇಲಿನ ಗಾಯದ ಗುರುತು. ಕೊನೆಗೆ 10,000ಕ್ಕೂ ಹೆಚ್ಚು ಕುಟುಂಬಗಳು ಸೇರಿದವು.

ಆದರೆ ಅವರಲ್ಲಿ ಹೆಚ್ಚಿನವರು ಗಡಿಯ ಈಚೆಗೇ ಇದ್ದವರು. ಆಚೆ ಉಳಿದವರ ಪಾಡು?

ಅವರಿಗೆ ಟಪಾಲೂ ಇಲ್ಲ, ಫೋನೂ ಇಲ್ಲ. 2000ದಲ್ಲಿ ಎರಡೂ ಕಡೆಯ ನಾಯಕರು ಉತ್ತರದ ರಾಜಧಾನಿ ಪ್ಯೋಂಗ್ಯಾಂಗ್‌ನಲ್ಲಿ ಕೈಕುಲುಕಿದ ಮೇಲೆ ಮುಖಾಮುಖಿ ಭೇಟಿಗಳು ಶುರುವಾದವು. 2018ರವರೆಗೆ 21 ಸುತ್ತು ನಡೆದವು. ದಕ್ಷಿಣದಲ್ಲಿ ಕಂಪ್ಯೂಟರ್ ಚೀಟಿ ಎತ್ತಿ ಸುಮಾರು ನೂರು ಜನರನ್ನು ಆರಿಸುತ್ತಿದ್ದರು. 2018ರ ಆಗಸ್ಟ್‌ನಲ್ಲಿ ಉತ್ತರದ ಕುಮ್‌ಗಾಂಗ್ ಬೆಟ್ಟದ ತಪ್ಪಲಲ್ಲಿ ದಕ್ಷಿಣದ 92 ವರ್ಷದ ತಾಯಿಯೊಬ್ಬರು 71 ವರ್ಷದ ಮಗನನ್ನು ಕಂಡರು. ಕಡೆಯ ಸಲ ನೋಡಿದಾಗ ಅವನಿಗೆ ನಾಲ್ಕು ವರ್ಷ. ಮಗ ತೀರಿಹೋದ ತಂದೆಯ ಫೋಟೋ ತಂದಿದ್ದ. ಮೂರು ದಿನದಲ್ಲಿ ಎಲ್ಲ ಸೇರಿ ಹನ್ನೆರಡು ಗಂಟೆ ಮಾತು, ಆಮೇಲೆ ಬಸ್ಸು ಹತ್ತಬೇಕು. ಮತ್ತೆ ಕಾಗದ ಬರೆಯುವ ಹಾಗೂ ಇಲ್ಲ. ಇದನ್ನು ಭೇಟಿ ಅನ್ನಬೇಕೋ ಇನ್ನೊಂದು ಅಗಲಿಕೆ ಅನ್ನಬೇಕೋ ನೀವೇ ಹೇಳಿ. ಕಾಗದ ಅಂತ ಹೋಗಿಬಂದದ್ದು 2001ರ ಮಾರ್ಚ್‌ನಲ್ಲಿ ಒಂದೇ ಸಲ, ಒಂದೊಂದು ಕಡೆಯಿಂದ 300ರಂತೆ.

ಈ ಕತೆಯಲ್ಲಿ ನಮ್ಮ ಕೊಡಗಿನವರೂ ಒಬ್ಬರಿದ್ದಾರೆ, ಜನರಲ್ ತಿಮ್ಮಯ್ಯ. 1953ರ ಜುಲೈ 27ರಂದು ಕದನವಿರಾಮವೇನೋ ಆಯಿತು. ಊರಿಗೆ ಮರಳಲು ಒಲ್ಲೆ ಅನ್ನುವ 22,000ಕ್ಕೂ ಹೆಚ್ಚು ಸೆರೆಯಾಳುಗಳನ್ನು ಏನು ಮಾಡುವುದು? ಅದಕ್ಕೆಂದೇ ಮಾಡಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ದಕ್ಷಿಣದ ಅಧ್ಯಕ್ಷ ಸಿಂಗ್‌ಮನ್ ರೀಗೆ ಭಾರತದ ಮೇಲೆ ಎಷ್ಟು ಸಿಟ್ಟೆಂದರೆ, ನಮ್ಮ ಸೈನಿಕರು ಅವರ ನೆಲ ಮೆಟ್ಟಲೂ ಬಿಡಲಿಲ್ಲ. ಹಡಗಿನಿಂದ ಹೆಲಿಕಾಪ್ಟರ್‌ನಲ್ಲಿ ನೇರವಾಗಿ ಗಡಿಪಟ್ಟಿಗೆ ಇಳಿಸಬೇಕಾಯಿತು. ಸೆರೆಯಾಳುಗಳಲ್ಲಿ 76 ಕೊರಿಯನ್ನರು ಉತ್ತರವೂ ಬೇಡ, ದಕ್ಷಿಣವೂ ಬೇಡ ಅಂದು 1954ರಲ್ಲಿ ಹಡಗು ಹತ್ತಿ ಭಾರತಕ್ಕೇ ಬಂದುಬಿಟ್ಟರು.

ಅಂದು ಸಹಿ ಬಿದ್ದದ್ದು ಗುಂಡು ಹಾರಿಸುವುದನ್ನು ನಿಲ್ಲಿಸಲು ಮಾತ್ರ. ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ.

ಹಾಗಾದರೆ ಎರಡೂ ಒಂದಾಗುತ್ತವಾ? ಸದ್ಯಕ್ಕಂತೂ ಆ ಲಕ್ಷಣ ನನಗೆ ಕಾಣುತ್ತಿಲ್ಲ. 2023ರ ಕೊನೆಯಲ್ಲಿ ಉತ್ತರದ ನಾಯಕ ಕಿಮ್ ಜಾಂಗ್ ಉನ್, ಇನ್ನು ಇವು ಶತ್ರುತ್ವದ ಎರಡು ಬೇರೆ ದೇಶಗಳು ಅಂತ ಸಾರಿಬಿಟ್ಟರು. ಮರು ತಿಂಗಳು ಪ್ಯೋಂಗ್ಯಾಂಗ್‌ನ ಏಕೀಕರಣದ ಕಮಾನು ನೆಲಸಮವಾಯಿತು. 2024ರ ಅಕ್ಟೋಬರ್‌ನಲ್ಲಿ ಗಡಿ ದಾಟುವ ರಸ್ತೆಗಳನ್ನೇ ಸಿಡಿಸಿದರು. ಇತ್ತ ದಕ್ಷಿಣದ ಹುಡುಗ ಹುಡುಗಿಯರಿಗೂ ಅಜ್ಜಂದಿರ ಕಾತರ ಇಲ್ಲ. ಅವರದು ಉತ್ತರಕ್ಕಿಂತ ಎಷ್ಟೋ ಪಟ್ಟು ಶ್ರೀಮಂತ ದೇಶ, ಒಂದಾದರೆ ಖರ್ಚು ಯಾರ ತಲೆಗೆ ಅನ್ನುವ ಲೆಕ್ಕ. ಅದನ್ನು ಸುಮ್ನೆ ಸ್ವಾರ್ಥ ಅಂತ ಬೈಯುವುದು ಸುಲಭ. ಕೆಲಸ, ಮನೆ ಬಾಡಿಗೆ ಅಂತ ಒದ್ದಾಡುವವರಿಗೆ ಕಾಣದ ನೆಂಟರ ಚಿಂತೆ ಎಲ್ಲಿಂದ ಬರಬೇಕು, ಅಲ್ವಾ?

ಒಂದಿಷ್ಟು ತಣ್ಣಗಾದದ್ದೂ ಉಂಟು. 2025ರ ಜೂನ್‌ನಲ್ಲಿ ದಕ್ಷಿಣದ ಆಗಿನ ಹೊಸ ಅಧ್ಯಕ್ಷ ಲೀ ಜೇ-ಮ್ಯುಂಗ್ ಗಡಿಯ ಪ್ರಚಾರದ ಧ್ವನಿವರ್ಧಕ ನಿಲ್ಲಿಸಿದರು. ಮರುದಿನವೇ ಉತ್ತರದ ಕಿರಿಚಾಟವೂ ನಿಂತಿತು. ಗಡಿ ಹಳ್ಳಿಯವರಿಗೆ ರಾತ್ರಿ ನಿದ್ದೆ ಬಂತು. ಇದು ಸಣ್ಣ ಸಂಗತಿ ಅಂತ ನನಗೆ ಅನ್ನಿಸುವುದಿಲ್ಲ.

ಅದಕ್ಕೇ ನನ್ನ ಮಾತು ಇಷ್ಟೆ. ಒಂದೇ ಬಾವುಟ, ಒಂದೇ ಸರ್ಕಾರ ಅನ್ನುವ ದೊಡ್ಡ ಮಾತು ಸ್ವಲ್ಪ ಬದಿಗಿರಲಿ. ನೆಂಟರನ್ನು ಕಾಣಬೇಕೆಂದು ದಕ್ಷಿಣದಲ್ಲಿ ಹೆಸರು ಬರೆಸಿದವರು 1,30,000ಕ್ಕೂ ಜಾಸ್ತಿ. ಈಗ ಬದುಕಿರುವವರು 40,000ಕ್ಕಿಂತ ಕಡಿಮೆ, ಅವರಲ್ಲೂ ಹೆಚ್ಚಿನವರಿಗೆ 80 ದಾಟಿದೆ. ಸರ್ಕಾರ ಇವರ ಮಾತನ್ನು ವಿಡಿಯೋದಲ್ಲಿ ಹಿಡಿದಿಟ್ಟಿದೆ. ಮುಂದೆ ಸಂಬಂಧ ಗುರುತಿಸಲು ಡಿಎನ್‌ಎ ಮಾದರಿಯನ್ನೂ ತೆಗೆದಿಟ್ಟಿದೆ. ಗಡಿಯ ಪನ್ಮುಂಜೋಮ್‌ನಲ್ಲಿ ಎರಡೂ ಕಡೆಯವರು ಮಾತಾಡುವ ಫೋನ್ ಇದೆ. 2023ರ ಏಪ್ರಿಲ್‌ನಲ್ಲಿ ಉತ್ತರದವರು ಅದನ್ನು ಎತ್ತುವುದನ್ನೇ ಬಿಟ್ಟರು. ಮಾತುಕತೆ ಮತ್ತೆ ಶುರುವಾದ ದಿನ ಉತ್ತರದ ಅಣುಬಾಂಬಿನ ಚೌಕಾಸಿ ಮುಗಿಯಲಿ ಅಂತ ಕಾಯದೆ, ಮೊದಲು ಈ ವಿಡಿಯೋಗಳು ಗಡಿ ದಾಟಬೇಕು. 2001ರಂತೆ ಕಾಗದದ ಕಟ್ಟಾದರೂ ಹೋಗಿಬರಬೇಕು, ಈ ಸಲ ತಿಂಗಳಿಗೊಮ್ಮೆ.

ನಮಸ್ಕಾರ.